‘ಸಿಕ್ಕಿಲ್ಲ’ ಎಂದು ಬರೆಯಲು ಹೆದರುವ ವೆಲ್ಡಾ

ಕಣಿವೆಯ ಮಂಜು ಇನ್ನೂ ಕರಗಿಲ್ಲ. ಟಾಲಿವರ್ ಕೌಂಟಿಯ, ಅಂದರೆ ಜಿಲ್ಲೆಯ, ಕಚೇರಿಯ ಹಿಂಬಾಗಿಲಿನ ಬೀಗ ತೆಗೆಯುತ್ತಿರುವ ವೆಲ್ಡಾ ನೇಪಿಯರ್ ಅವರ ಕೈಯಲ್ಲಿ ಕೀಲಿಗೊಂಚಲು ಗಲಗಲ ಅನ್ನುತ್ತಿದೆ. ಒಳಗೆ ಹೋದವರೇ ದೀಪ ಹಾಕಿ, ಹಳೆಯ ದಾಖಲೆಗಳ ಕೋಣೆಯ ಕಬ್ಬಿಣದ ಬಾಗಿಲನ್ನು ಎಳೆದು, ಅದು ಮುಚ್ಚಿಕೊಳ್ಳದಂತೆ ಒಂದು ಕುರ್ಚಿಯನ್ನು ಅಡ್ಡ ಇಡುತ್ತಾರೆ. ಮೂವತ್ತು ವರ್ಷದಿಂದ ಇದೇ ಕೋಣೆ, ಆದರೂ ಆ ಬಾಗಿಲಿನ ಮೇಲೆ ಅವರಿಗೆ ನಂಬಿಕೆಯಿಲ್ಲ. ಮುಚ್ಚಿಕೊಂಡರೆ ಒಳಗೆ ಕೂಗಿದ್ದು ಹೊರಗೆ ಕೇಳುವುದಿಲ್ಲವಂತೆ. ನಾನು ನಗಲಿಲ್ಲ. ಲಿಫ್ಟಿನಲ್ಲಿ ಒಬ್ಬಳೇ ಹೋಗಲು ಹೆದರುವ ನನಗೆ ಇನ್ನೊಬ್ಬರನ್ನು ನೋಡಿ ನಗುವ ಹಕ್ಕಿಲ್ಲ.

ಇವತ್ತು ಶುಕ್ರವಾರ. ವೆಲ್ಡಾ ಅವರ ಮೇಜಿನ ಮೇಲೆ ಒಂದೇ ಮದುವೆಯ ಬಗ್ಗೆ ಎರಡು ಅರ್ಜಿಗಳಿವೆ. ಒಂದು ರೆಂಡಾ ಗೇಹಾರ್ಟ್ ಅವರದು: ಡಾಯ್ಲ್ ಗೇಹಾರ್ಟ್ ನನ್ನ ಗಂಡ, ನಮ್ಮ ಮದುವೆಯ ದಾಖಲೆ ಹುಡುಕಿಕೊಡಿ. ಇನ್ನೊಂದು ಡಾಯ್ಲ್ ಅವರಿಂದ ವಿಚ್ಛೇದನ ಪಡೆದ ಮೊದಲ ಹೆಂಡತಿಯ ಮಗ ಟೆರಿಲ್‌ನದು: ಅಂಥ ದಾಖಲೆ ಇಲ್ಲ ಎಂದು ಮೊಹರು ಹಾಕಿ ಬರೆದುಕೊಡಿ. ಡಾಯ್ಲ್ ಮೊನ್ನೆ ಮಂಗಳವಾರ ಒಹಾಯೋ ರಾಜ್ಯದ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಾರೆ. ಚಿಕಿತ್ಸೆಗೆಂದು ಮಗನ ಊರಿಗೆ ಹೋದವರು, ಮರಳಿ ಬರಲಿಲ್ಲ. ದೇಹ ಅಲ್ಲಿಯ ಶವಾಗಾರದಲ್ಲಿದೆ. ಮಗ ಸುಡಬೇಕು ಎನ್ನುತ್ತಾನೆ, ರೆಂಡಾ ಊರಿಗೆ ತಂದು ಬೆಟ್ಟದ ಮೇಲೆ ಡಾಯ್ಲ್ ಅವರ ಅಮ್ಮನ ಪಕ್ಕ ಮಣ್ಣು ಮಾಡಬೇಕು ಎನ್ನುತ್ತಾರೆ. ಹೆಂಡತಿ ಎಂಬುದಕ್ಕೆ ದಾಖಲೆ ಬಂದರೆ ಹೆಂಡತಿಯ ಮಾತು, ಇಲ್ಲವಾದರೆ ಮಗನ ಮಾತು. ಶವಾಗಾರದವರು ಕೊಟ್ಟಿರುವ ಗಡುವು ಇವತ್ತು ಮಧ್ಯಾಹ್ನ.

ನಾನು ಹುಟ್ಟಿದ ಕಡೆ ಸುಡುವುದೇ ವಾಡಿಕೆ. ಬೆಂಕಿ ಎಂದರೆ ನನಗೆ ಹೊಸದಲ್ಲ. ಆದರೆ ಈ ಬೆಟ್ಟಗಳಿಗೆ ಸೊಸೆಯಾಗಿ ಬಂದು ಇಪ್ಪತ್ತು ವರ್ಷದ ಮೇಲಾಯಿತು, ಇಲ್ಲಿಯವರ ಭಯ ನನಗೂ ಅಂಟಿದೆ. ಕಲ್ಲಿದ್ದಲ ಗಣಿಯಲ್ಲಿ ಸುಟ್ಟುಹೋಗಿ ಗುರುತೇ ಸಿಗದ ಅಣ್ಣತಮ್ಮಂದಿರನ್ನು ಕಂಡವರು ಇವರು. ಸತ್ತ ಮೇಲಾದರೂ ಮೈ ಇಡಿಯಾಗಿ ಮಣ್ಣಿಗೆ ಸೇರಲಿ ಎಂದು ಬದುಕಿರುವಾಗಲೇ ಜಾಗ ನೋಡಿಟ್ಟುಕೊಳ್ಳುತ್ತಾರೆ. ಡಾಯ್ಲ್ ಕೂಡ ನೋಡಿಟ್ಟುಕೊಂಡಿದ್ದರು.

ನಿಜ ಹೇಳಬೇಕೆಂದರೆ ನಾನು ಬರೆಯಲು ಬಂದಿದ್ದ ಲೇಖನವೇ ಬೇರೆ. ಮದುವೆಯ ಕಾಲ ಬಂತು, ಮದುವೆಗೆ ಮುಂಚೆ ಪಡೆಯಬೇಕಾದ ಲೈಸೆನ್ಸು ಬರೆದುಕೊಡುವ ಕಿಟಕಿಯ ಹಿಂದಿನ ಹೆಂಗಸಿನ ಬಗ್ಗೆ ನಾಲ್ಕು ನಗುವ ಮಾತು ಬರೆಯೋಣ ಎಂದುಕೊಂಡಿದ್ದೆ. ನನ್ನ ಮದುವೆಯ ಲೈಸೆನ್ಸು ಬರೆದವರೂ ಇವರೇ. ಆಗ ನನ್ನ ಗಂಡನ ಕಡೆ ಕನ್ನಡಕದ ಮೇಲಿನಿಂದ ನೋಡಿ, “ಇನ್ನೂ ಟೈಮಿದೆ, ಯೋಚ್ನೆ ಮಾಡಮ್ಮ” ಅಂದಿದ್ದರು. ಆ ತಮಾಷೆಯ ಹೆಂಗಸನ್ನು ಹುಡುಕಿಕೊಂಡು ಬಂದ ನನಗೆ ಸಿಕ್ಕಿದ್ದು ಮೂರು ದಿನದಿಂದ ಊಟ ಸೇರದ ವೆಲ್ಡಾ.

ಅವರ ತಂದೆ ಗಣಿ ಕೆಲಸಗಾರ, ಗಂಡ ಆರ್ಲಿಸ್ ಕೂಡ. ಗಣಿಯ ಮಾಡು ಕುಸಿದು ಆರ್ಲಿಸ್ ಸೊಂಟ ಮುರಿದುಕೊಂಡಾಗ ವೆಲ್ಡಾ ಈ ಕೆಲಸಕ್ಕೆ ಸೇರಿದರು. ಬೆಳಿಗ್ಗೆ ಗಂಡನಿಗೆ ಸ್ನಾನ ಮಾಡಿಸಿ, ಮೆಕ್ಕೆಜೋಳದ ಬ್ರೆಡ್ಡು, ಕಾಳಿನ ಸಾರು ಒಲೆಯ ಮೇಲಿಟ್ಟು ಹೊರಟರೆ ಸಂಜೆಯವರೆಗೆ ಕಿಟಕಿ. ದಿನಕ್ಕೆ ಒಂದೋ ಎರಡೋ ಹೊಸ ಜೋಡಿ, ಹಳೆಯ ಮದುವೆ ಹುಡುಕಿಕೊಡಿ ಎಂದು ಹತ್ತು ಹನ್ನೆರಡು ಫೋನು, ಆರೇಳು ಕಾಗದ. ಪಿಂಚಣಿಗೆ ಬೇಕು, ಗುರುತಿನ ಚೀಟಿಯಲ್ಲಿ ಹೆಸರು ಬದಲಾಗಬೇಕು, ಅಜ್ಜ ಅಜ್ಜಿಯ ಮೂಲ ಬೇಕು. ಹುಡುಕುವುದು ಹೊರಗಿನವರು ತಿಳಿದಷ್ಟು ಸುಲಭವಲ್ಲ. ಇಲ್ಲಿ ಲೈಸೆನ್ಸು ತೆಗೆಯುವುದು ಹುಡುಗಿಯ ಕೌಂಟಿಯಲ್ಲಿ, ಜನ ಬಂದು ಹುಡುಕುವುದು ಹುಡುಗನ ಕೌಂಟಿಯಲ್ಲಿ. ಅಪ್ಪನಿಗೆ ಹೆದರಿದ ಜೋಡಿಗಳು ಗಡಿ ದಾಟಿ ಪಕ್ಕದ ರಾಜ್ಯಕ್ಕೆ ಓಡಿಹೋಗಿ ಮದುವೆಯಾಗಿ, ಬಂದು ಏನೂ ಆಗದವರಂತೆ ಚರ್ಚಿನಲ್ಲಿ ಕೂತಿರುತ್ತವೆ.

ಇವೆಲ್ಲಕ್ಕಿಂತ ದೊಡ್ಡ ತಲೆನೋವು ಬೆಟ್ಟದ ಪಾದ್ರಿಗಳು. ವಾರವೆಲ್ಲ ಗಣಿಯಲ್ಲಿ ದುಡಿದು ಭಾನುವಾರ ಬೋಧನೆ ಮಾಡುವವರು, ಸಂಬಳ ಪಡೆಯುವವರಲ್ಲ. ಲೈಸೆನ್ಸಿನ ಚೀಟಿಯನ್ನು ಜೋಡಿ ಪಾದ್ರಿಯ ಕೈಗೆ ಕೊಡುತ್ತದೆ. ಮದುವೆ ಮಾಡಿಸಿದ ಮೇಲೆ ಪಾದ್ರಿ ಅದರ ಕೆಳಭಾಗ ತುಂಬಿ, ಸಹಿ ಹಾಕಿ, ಕಚೇರಿಗೆ ಮರಳಿಸಬೇಕು. ಮರಳಿ ಬಂದರೇನೇ ಮದುವೆ ಆಯಿತೆಂದು ಪುಸ್ತಕ ಹೇಳುವುದು. ಆ ಚೀಟಿ ಲಾರಿಯ ಸೀಟಿನಡಿ ಸೇರುತ್ತದೆ, ಬೈಬಲ್ಲಿನೊಳಗೆ ಮಲಗುತ್ತದೆ. ತಿಂಗಳುಗಟ್ಟಲೆ ಕಳೆದರೆ ವೆಲ್ಡಾ ಫೋನು ಹಿಡಿಯುತ್ತಾರೆ, ಪಾದ್ರಿಗಳನ್ನು ಇಲ್ಲಿ ಬ್ರದರ್ ಎಂದೇ ಕರೆಯುವುದು: “ಬ್ರದರ್, ಆ ಹುಡುಗಿ ಬಸುರಿಯಾಗಿ ಬಾಣಂತನಾನೂ ಮುಗೀತು. ನಿಮ್ಮ ಚೀಟಿ ಮಾತ್ರ ಇನ್ನೂ ಬರ್ಲಿಲ್ವಲ್ಲ.” ದೇವರ ಪುಸ್ತಕದಲ್ಲಿ ಬರೆದಾಯಿತು, ನಿಮ್ಮದಕ್ಕೇನು ಅವಸರ ಎಂದು ಅತ್ತಲಿಂದ ಉತ್ತರ. ದೇವರ ಪುಸ್ತಕದ ನಕಲು ನನ್ನ ಕಿಟಕಿಯಲ್ಲಿ ಸಿಗುವುದಿಲ್ಲ ಎಂದು ಇವರು ಬೈಯುತ್ತಾರೆ. ವೆಲ್ಡಾ ಬಂದ ಮೇಲೆ ಬಾಕಿ ಉಳಿದ ಚೀಟಿಗಳಿಲ್ಲ. ಅವರು ಬರುವ ಮೊದಲಿನವು ಎಷ್ಟಿವೆಯೋ ಯಾರೂ ಲೆಕ್ಕವಿಟ್ಟಿಲ್ಲ.

ಡಾಯ್ಲ್, ರೆಂಡಾ ಅವರದು ಆ ಮೊದಲಿನ ಕಾಲದ್ದು. ಬುಧವಾರವೇ ಪುಟ ಸಿಕ್ಕಿತು. ಮೇಲರ್ಧದಲ್ಲಿ ಇಬ್ಬರ ಹೆಸರು, ಸಹಿ, ಲೈಸೆನ್ಸು ಪಡೆದ ತಾರೀಖು. ಕೆಳಗಿನರ್ಧ ಖಾಲಿ. ಪುಸ್ತಕದ ಪ್ರಕಾರ ಇವರಿಬ್ಬರು ಮದುವೆಯಾಗುತ್ತೇವೆಂದು ಹೇಳಿ ಹೋದವರು, ಆದವರಲ್ಲ. ಗುರುವಾರವೆಲ್ಲ ವೆಲ್ಡಾ ಪಕ್ಕದ ಕೌಂಟಿಗಳಿಗೆ ಫೋನು ಮಾಡಿದರು, ಚೀಟಿ ತಪ್ಪಿ ಅಲ್ಲಿಗೇನಾದರೂ ಹೋಗಿದೆಯೇ ಎಂದು. ಎಲ್ಲೂ ಇಲ್ಲ. ಮೇಲಧಿಕಾರಿ ಬಂದು, ಮಗನ ಅರ್ಜಿಗೆ ಉತ್ತರ ಕೊಡಲೇಬೇಕು, ಕಾನೂನು ಅದು ಎಂದು ಹೇಳಿ ಹೋದರು.

ವೆಲ್ಡಾ ಹೆದರುವುದು ಇದಕ್ಕೇ. “ಸಿಕ್ಕಿಲ್ಲ ಅಂತ ನಾನು ಮೊಹರು ಹಾಕಿ ಕೊಟ್ರೆ, ಜನ ಅದನ್ನ ಆಗೇ ಇಲ್ಲ ಅಂತ ಓದ್ತಾರೆ. ಹುಡುಕಿದ್ದು ನನ್ನ ಎರಡು ಕಣ್ಣು ಅಷ್ಟೇ. ಕಣ್ಣು ತಪ್ಪಿದ್ರೆ?” ಎನ್ನುತ್ತಾ ಕೈ ಒರೆಸಿಕೊಳ್ಳುತ್ತಾರೆ. ಹೆದರುವವರ ಮೇಲೆ ಹಾವು ಎಸೆದ ಹಾಗೆ ಈ ಕೆಲಸ ಇವರಿಗೇ ಬಂದಿದೆ.

ಉಳಿದಿರುವುದು ಒಂದೇ ದಾರಿ. ಮದುವೆ ಮಾಡಿಸಿದ ಪಾದ್ರಿ ಬದುಕಿದ್ದರೆ, ಎಷ್ಟೇ ತಡವಾದರೂ ಅವರೇ ಹೇಳಿ ಸಹಿ ಹಾಕಿದರೆ ದಾಖಲಿಸಬಹುದು. ಬ್ರದರ್ ಓಕ್ಲಿ ಸೈಜ್‌ಮೋರ್ ಬದುಕಿದ್ದಾರೆ. ತೊಂಬತ್ತು ದಾಟಿದೆ, ನದಿಯಾಚೆಯ ವೃದ್ಧಾಶ್ರಮದಲ್ಲಿದ್ದಾರೆ. ನೆನಪು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ ಎನ್ನುತ್ತಾರೆ ನೋಡಿ ಬಂದವರು. ಖಾಲಿ ಚೀಟಿ ಮತ್ತು ಮೊಹರನ್ನು ಚೀಲಕ್ಕೆ ಹಾಕಿಕೊಂಡು ವೆಲ್ಡಾ ನನ್ನ ಕಾರು ಹತ್ತುತ್ತಾರೆ. ದಾರಿಯಲ್ಲಿ ರೆಂಡಾ ಹತ್ತಿಕೊಳ್ಳುತ್ತಾರೆ. ಸಣಕಲು ಹೆಂಗಸು, ಗಂಡನ ದೊಗಲೆ ಜಾಕೆಟ್ಟು ತೊಟ್ಟಿದ್ದಾರೆ.

ಮದುವೆಯ ದಿನ ಏನಾಯಿತು ಎಂದು ವೆಲ್ಡಾ ಕಾರಿನಲ್ಲಿ ಕೇಳುತ್ತಾರೆ. ರೆಂಡಾ ಹೇಳುವುದು ಇಷ್ಟು: ಹೊಳೆಯಲ್ಲಿ ಮುಳುಗಿಸಿ ಕೊಡುವ ಸ್ನಾನದೀಕ್ಷೆ ಪಡೆಯದ ಗಂಡಿಗೆ ಮಗಳನ್ನು ಕೊಡುವುದಿಲ್ಲ ಎಂದು ಅವರಪ್ಪನ ಹಟ. ಡಾಯ್ಲ್‌ಗೆ ಈಜು ಬಾರದು. ಮಾರ್ಚಿ ತಿಂಗಳು, ಟ್ರೇಸ್ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಮೊದಲು ದೀಕ್ಷೆ, ಆಮೇಲೆ ಅದೇ ದಡದ ಮೇಲೆ ಮದುವೆ ಎಂದು ಗೊತ್ತಾಗಿತ್ತು. ಬ್ರದರ್ ಓಕ್ಲಿ ಡಾಯ್ಲ್‌ನನ್ನು ಸೊಂಟದ ನೀರಿಗೆ ಇಳಿಸಿ, ಮುಳುಗಿಸಿ ಎತ್ತುವಾಗ ಕಾಲು ಜಾರಿ ಇಬ್ಬರೂ ಕೊಚ್ಚಿಹೋದರು. ಮದುವಣಗಿತ್ತಿ ಬಿಳಿಯ ಬಟ್ಟೆಯಲ್ಲೇ ನುಗ್ಗಿ ಪಾದ್ರಿಯ ಕೋಟು ಹಿಡಿದಳು, ಪಾದ್ರಿ ಡಾಯ್ಲ್‌ನ ಕೂದಲು ಹಿಡಿದಿದ್ದರು, ಗಂಡಸರು ಮೂವರನ್ನೂ ಎಳೆದುಹಾಕಿದರು. ಕಂಬಳಿ ಹೊದ್ದು ನಡುಗುತ್ತಲೇ ಮದುವೆಯಾಯಿತು. ಡಾಯ್ಲ್ ಮತ್ತೆಂದೂ ಆ ದಿನದ ಮಾತೆತ್ತಲಿಲ್ಲ. ಸಾಕ್ಷಿ ನಿಂತ ಇಬ್ಬರೂ ಈಗಿಲ್ಲ. ಕುಟುಂಬದ ಫೋಟೋ, ಕಾಗದಗಳನ್ನೆಲ್ಲ ಮೊನ್ನೆ ಮೊನ್ನೆಯ ನೆರೆ ಕೊಂಡೊಯ್ದಿದೆ.

“ಇಷ್ಟು ವರ್ಷ ಯಾರೂ ನನ್ನನ್ನ ಕೇಳ್ಲಿಲ್ಲ ವೆಲ್ಡಾ ಅಕ್ಕ, ನೀನು ಹೆಂಡ್ತಿ ಹೌದೋ ಅಲ್ವೋ ಅಂತ,” ಎನ್ನುತ್ತಾರೆ ರೆಂಡಾ. “ಬ್ರದರ್‌ಗೆ ಮರ್ತುಹೋಗಿದ್ರೆ ಅವನನ್ನ ಸುಟ್ಟೇಬಿಡ್ತಾರೆ ಅಲ್ವಾ?” ನಾನು ಕಾರಿನ ವೇಗ ಹೆಚ್ಚಿಸುತ್ತೇನೆ.

ಬ್ರದರ್ ಓಕ್ಲಿ ಗಾಲಿಕುರ್ಚಿಯಲ್ಲಿ ಕೂತು ಗಂಜಿ ಚಮಚದಲ್ಲಿ ಕಲಕುತ್ತಿದ್ದಾರೆ. ನದಿ ಕಾಣುವ ಕೋಣೆ ಕೊಟ್ಟರೆ ಬೇಡವೆಂದು ಹಟ ಹಿಡಿದು ಕಾರು ನಿಲ್ಲಿಸುವ ಕಡೆಯ ಕೋಣೆ ತೆಗೆದುಕೊಂಡರು ಎಂದು ದಾದಿ ಹೇಳುತ್ತಾಳೆ. ವೆಲ್ಡಾ ಪಕ್ಕ ಕೂತು, ಇಂಥ ವರ್ಷ ಇಂಥ ತಿಂಗಳು ಟ್ರೇಸ್ ಹೊಳೆಯ ದಡದಲ್ಲಿ ಒಂದು ಮದುವೆ ಮಾಡಿಸಿದ್ದಿರಾ ಎಂದು ಮೆತ್ತಗೆ ಕೇಳುತ್ತಾರೆ.

“ನೆನಪಿಲ್ಲ ಕಣಮ್ಮ.”

ರೆಂಡಾ ಮುಂದೆ ಬಂದು ಮೊಣಕಾಲೂರುತ್ತಾರೆ. ಮುದುಕರು ಅವರ ಮುಖ ನೋಡುವುದಿಲ್ಲ. ಮತ್ತೆ ಕೇಳಿದರೆ ಮತ್ತೆ ಅದೇ ಮಾತು. ನೆನಪಿಲ್ಲದ್ದಕ್ಕೆ ಸಹಿ ಹಾಕಿ ದೇವರೆದುರು ಸುಳ್ಳುಗಾರ ಆಗಲಾರೆ ಎನ್ನುತ್ತಾರೆ. ಸಹಿ ಹಾಕಿಬಿಡಿ ಎಂದು ಬಲವಂತ ಮಾಡಿದರೆ ವೆಲ್ಡಾ ಅವರೇ ಸುಳ್ಳು ದಾಖಲೆ ಬರೆಸಿದಂತೆ. ನಾನು ಗೋಡೆಯ ಗಡಿಯಾರ ನೋಡುತ್ತೇನೆ. ಮುಗಿಯಿತು ಎಂದೇ ನಾನು ಅಂದುಕೊಂಡೆ.

ವೆಲ್ಡಾ ಚೀಲ ಎತ್ತಿಕೊಳ್ಳುತ್ತಾ, ಡಾಯ್ಲ್ ಹೋಗಿಬಿಟ್ಟರು, ಅದಕ್ಕೇ ಬಂದಿದ್ದೆವು ಎಂದು ಹೇಳುತ್ತಾರೆ. ಮುದುಕರ ಚಮಚ ನಿಲ್ಲುತ್ತದೆ.

“ನೀರಿಗೆ ಬಿದ್ದಾ?”

ರೆಂಡಾ ಬಾಯಿ ತೆರೆಯುವಷ್ಟರಲ್ಲಿ ವೆಲ್ಡಾ ಆಕೆಯ ಭುಜ ಒತ್ತಿ ಸುಮ್ಮನಾಗಿಸುತ್ತಾರೆ. ಮತ್ತೆ ಕೂರುತ್ತಾರೆ. “ಅಲ್ಲ ಬ್ರದರ್. ಗಣಿ ಧೂಳು ಎದೆ ತಿಂದಿತ್ತು. ನೀರಿನ ಮಾತು ನಿಮಗ್ಯಾಕೆ ಬಂತು?”

ಮುದುಕರು ಗಂಜಿಯ ಬಟ್ಟಲು ದೂರ ತಳ್ಳುತ್ತಾರೆ. ಪೊಲೀಸರು ಬಂದು ನನ್ನನ್ನು ಹಿಡಿದುಕೊಂಡು ಹೋಗುತ್ತಾರಾ ಎಂದು ಕೇಳುತ್ತಾರೆ. ತೊಂಬತ್ತು ದಾಟಿದ ಮನುಷ್ಯ, ಒಂದು ಚೀಟಿಗೆ. ನನಗೆ ಅಳುವೇ ಬಂತು.

“ಯಾರೂ ಬರಲ್ಲ,” ಎನ್ನುತ್ತಾರೆ ವೆಲ್ಡಾ. “ನಾನು ಬಂದಿರೋದು ನನ್ನ ಭಯಕ್ಕೆ. ಮಧ್ಯಾಹ್ನದೊಳಗೆ ನೀವು ಬಾಯಿ ಬಿಡ್ಲಿಲ್ಲ ಅಂದ್ರೆ, ಇವರ ಮದುವೆ ಸಿಕ್ಕಿಲ್ಲ ಅಂತ ನಾನು ಕೈಯಾರೆ ಬರೆದುಕೊಡ್ಬೇಕು. ನಿಮ್ಮ ಭಯ ನಿಮ್ಮ ಜೊತೆ ಮಣ್ಣಿಗೆ ಹೋಗತ್ತೆ ಬ್ರದರ್. ಡಾಯ್ಲ್‌ಗೆ ಆ ಮಣ್ಣೂ ಸಿಗಲ್ಲ.”

ಆಗ ನಿಜ ಹೊರಬಂತು. ಲೈಸೆನ್ಸಿನ ಚೀಟಿ ಆ ದಿನ ಅವರ ಕೋಟಿನ ಒಳಜೇಬಿನಲ್ಲೇ ಇತ್ತು. ನೀರಿಗೆ ಇಳಿಯುವ ಮುಂಚೆ ತೆಗೆದಿಡಲು ಮರೆತಿದ್ದರು. ಮನೆಗೆ ಹೋಗಿ ಒಲೆಯ ಮುಂದೆ ಕೋಟು ಒಣಗಿಸುವಾಗ ಜೇಬಿಗೆ ಕೈ ಹಾಕಿದರೆ ಅಂಟಿನಂಥ ಮುದ್ದೆ ಬಂತು. ಬೇರೆ ಚೀಟಿ ಕೇಳಲು ಕಚೇರಿಯ ಮೆಟ್ಟಿಲವರೆಗೂ ಹೋಗಿ ನಾಚಿಕೆಯಿಂದ ವಾಪಸು ಬಂದರು. ಆಮೇಲೆ ಬೇರೆಯೇ ಭಯ ಹೊಕ್ಕಿತು. ಈ ಮದುವೆ ದೇವರಿಗೇ ಬೇಡವಾಗಿತ್ತೇನೋ, ಅದಕ್ಕೇ ನೀರು ಏರಿ ಬಂತೇನೋ, ಚೀಟಿಯನ್ನೂ ಅದೇ ನುಂಗಿತೇನೋ. ಆ ಹೊಳೆಗೆ ಅವರು ಮತ್ತೆ ಇಳಿಯಲಿಲ್ಲ. ಪ್ರತಿ ಭಾನುವಾರ ಈ ಗಂಡಹೆಂಡಿರು ಕೈಹಿಡಿದುಕೊಂಡು ಚರ್ಚಿಗೆ ಬಂದಾಗ ಪಾದ್ರಿ ಬೇರೆ ಕಡೆ ಮುಖ ತಿರುಗಿಸುತ್ತಿದ್ದರಂತೆ. “ನಾನು ಮಾಡಿಸಿದ್ದು ಮದುವೆಯೋ ಪಾಪವೋ ಅಂತ ಹೆದರ್ಕೊಂಡೇ ಬದುಕಿದೆ,” ಎನ್ನುತ್ತಾರೆ.

“ಅಯ್ಯೋ ಬ್ರದರ್, ನಿಮ್ಮ ಕೋಟು ಹಿಡಿದು ಎಳೆದೋಳು ನಾನೇ ಅಲ್ವಾ,” ಎನ್ನುತ್ತಾರೆ ರೆಂಡಾ. “ನನ್ನನ್ನೊಂದು ಮಾತು ಕೇಳಿದ್ರೆ ಆಗ್ತಿರ್ಲಿಲ್ವಾ?”

ವೆಲ್ಡಾ ರೆಂಡಾ ಅವರನ್ನು ಕೋಣೆಯಿಂದ ಹೊರಗೆ ಕಳಿಸುತ್ತಾರೆ. ಮುದುಕರು ತಮ್ಮ ಬಾಯಿಂದಲೇ ಹೇಳಬೇಕು, ಯಾರೂ ಹೇಳಿಕೊಡಕೂಡದು. ತಿಂಗಳು, ಜಾಗ, ಯಾರ ಮಗಳು, ಯಾರ ಮಗ. ಒಬ್ಬ ಸಾಕ್ಷಿಯ ಹೆಸರು ಬರುತ್ತದೆ, ಇನ್ನೊಂದು ಬರುವುದಿಲ್ಲ. ಬಾಗಿಲಾಚೆ ರೆಂಡಾ ಅವರ ಕಾಲಸಪ್ಪಳ ಅತ್ತಿಂದಿತ್ತ ಓಡಾಡುತ್ತಿದೆ. ಕೊನೆಗೆ ಮುದುಕರು, ಕುದುರೆಗೆ ಹೊದಿಸುವ ಕಂಬಳಿ ತಂದುಕೊಟ್ಟಿದ್ದ ಎನ್ನುತ್ತಾರೆ, ಕುದುರೆ ವಾಸನೆ ಬರುತ್ತಿತ್ತು, ಅವನೇ ಇನ್ನೊಬ್ಬ ಸಾಕ್ಷಿ, ಲೂಥರ್ ಸ್ಟ್ಯಾಂಪರ್. ವೆಲ್ಡಾ ಬರೆದುಕೊಂಡು ಸಹಿಯ ಜಾಗ ತೋರಿಸುತ್ತಾರೆ. ಅಕ್ಷರಗಳು ನಡುಗಿವೆ, ಆದರೆ ಓದಬಹುದು.

ಕಚೇರಿಗೆ ಮರಳುವಷ್ಟರಲ್ಲಿ ಹನ್ನೊಂದು ಮೀರಿದೆ. ಹಳೆಯ ಪುಟದ ಕೆಳಗಿನರ್ಧ ತುಂಬುತ್ತದೆ, ದಾಖಲಾದ ತಾರೀಖೆಂದು ಇವತ್ತಿನದೇ ಮೊಹರು ಬೀಳುತ್ತದೆ, ನಕಲು ಫ್ಯಾಕ್ಸಿನಲ್ಲಿ ಒಹಾಯೋಗೆ ಹೋಗುತ್ತದೆ, ಶವಾಗಾರಕ್ಕೂ ಟೆರಿಲ್‌ಗೂ. ನಾವು ಮೂವರೂ ನೀರು ಕುಡಿಯುತ್ತಿರುವಾಗ ಫೋನು ರಿಂಗಾಗುತ್ತದೆ. ಆ ಕಡೆ ಟೆರಿಲ್. ವೆಲ್ಡಾ ಫೋನಿನ ದನಿ ಎಲ್ಲರಿಗೂ ಕೇಳುವಂತೆ ಇಡುತ್ತಾರೆ.

“ಈ ಕಾಗದ ಇವತ್ತು ಬೆಳಿಗ್ಗೆ ಹುಟ್ಟಿದೆ,” ಎನ್ನುತ್ತಾನೆ ಅವನು. “ನಮ್ಮಪ್ಪ ಸತ್ತ ಮೇಲೆ ಮದುವೆ ಮಾಡಿಸಿದ್ರಾ?”

ವೆಲ್ಡಾ ಪುಸ್ತಕವನ್ನು ಹತ್ತಿರ ಎಳೆದುಕೊಳ್ಳುತ್ತಾರೆ. ಈ ಮಾತನ್ನು ಅವನು ನ್ಯಾಯಾಧೀಶರ ಮುಂದೆ ಹೇಳಿದರೆ ಕೆಲಸವಷ್ಟೇ ಅಲ್ಲ, ಮಾನವೂ ಹೋಗುತ್ತದೆ. ಮದುವೆ ಹಳೆಯದು, ಬರೆದದ್ದು ಇವತ್ತು, ಮದುವೆ ಮಾಡಿಸಿದ ಪಾದ್ರಿ ಬದುಕಿದ್ದಾರೆ, ನಂಬರು ಕೊಡುತ್ತೇನೆ ನೀವೇ ಕೇಳಿ ಎನ್ನುತ್ತಾರೆ. ಆಮೇಲೆ ಹೊಳೆಯ ಕಥೆಯನ್ನೆಲ್ಲ ಹೇಳುತ್ತಾರೆ, ದನಿ ಒಡೆದರೂ ನಿಲ್ಲಿಸದೆ.

“ಅದಕ್ಕೇನಾ,” ಎನ್ನುತ್ತಾನೆ ಟೆರಿಲ್ ಕೊನೆಗೆ. “ಬೇಸಿಗೆ ರಜಕ್ಕೆ ನಾನು ಅಲ್ಲಿಗೆ ಬಂದಾಗೆಲ್ಲ ಈಜು ಕಲಿ, ಈಜು ಕಲಿ ಅಂತ ಜೀವ ತಿನ್ನೋನು. ತಾನು ಮಾತ್ರ ಮೊಣಕಾಲುದ್ದ ನೀರಿಗೂ ಇಳೀತಿರ್ಲಿಲ್ಲ. ಪುಕ್ಕಲ ಅಂತ ಆಡ್ಕೋತಿದ್ದೆ ನಾನು.”

ಇವರು ಮದುವೆಯಾದವರಲ್ಲ, ಸುಮ್ಮನೆ ಜೊತೆಗಿರುವವರು ಎಂದು ತಾಯಿ ಹೇಳಿದ್ದನ್ನೇ ಅವನು ನಂಬಿ ಬೆಳೆದಿದ್ದನಂತೆ. ಅಪ್ಪ ಆ ಬೆಟ್ಟ ಹತ್ತಿಬಿಟ್ಟರೆ ತನಗೆ ಒಂದು ಹಿಡಿ ಬೂದಿಯೂ ಉಳಿಯುವುದಿಲ್ಲ ಎಂಬ ಹೆದರಿಕೆಗೆ ಸುಡುವ ಹಟ ಹಿಡಿದಿದ್ದನಂತೆ. ರೆಂಡಾ ಫೋನಿನ ಹತ್ತಿರ ಬಗ್ಗುತ್ತಾರೆ. ಮೂರು ದಿನದಿಂದ ಅವನನ್ನು ಶಪಿಸುತ್ತಿದ್ದ ಹೆಂಗಸು. “ಕರ್ಕೊಂಡು ಬಾರಪ್ಪ,” ಎನ್ನುತ್ತಾರೆ. “ಪೆಟ್ಟಿಗೆಯ ಮುಂದಿನ ಹಿಡಿ ನೀನೇ ಹಿಡಿ.”

ಭಾನುವಾರ ಮಳೆಯ ಕೆಸರಿನಲ್ಲಿ ಡಾಯ್ಲ್ ಗೇಹಾರ್ಟ್ ಅವರ ಪೆಟ್ಟಿಗೆ ಬೆಟ್ಟ ಹತ್ತಿತು. ಮುಂದಿನ ಹಿಡಿ ಹಿಡಿದಿದ್ದವನು ಪೇಟೆಯ ಬೂಟು ಹಾಕಿದ್ದ, ಎರಡು ಸಲ ಜಾರಿದ, ಬಿಡಲಿಲ್ಲ. ವೆಲ್ಡಾ ಕೆಳಗೇ ನಿಂತಿದ್ದರು, ಆರ್ಲಿಸ್‌ಗೆ ಮಾತ್ರೆಯ ಹೊತ್ತಾಯಿತು ಎಂದು ಬೇಗ ಹೊರಟುಬಿಟ್ಟರು.

ಸೋಮವಾರ ಬೆಳಿಗ್ಗೆ ಕಚೇರಿಯ ಮುಂದೆ ಮುದುಕ ಮುದುಕಿಯರ ಸಾಲು. ಬ್ರದರ್ ಓಕ್ಲಿ ಮದುವೆ ಮಾಡಿಸಿದವರೆಲ್ಲ ಬಂದಿದ್ದಾರೆ, ತಮ್ಮದು ಪುಸ್ತಕದಲ್ಲಿ ಇದೆಯೋ ಇಲ್ಲವೋ ನೋಡಲು. ಮೊಮ್ಮಕ್ಕಳಿರುವ ಜೋಡಿಗಳು ಕಳ್ಳರ ಹಾಗೆ ಪಿಸುಗುಟ್ಟುತ್ತಿವೆ. ಇದೆ ಎಂದು ಗೊತ್ತಾದ ಒಬ್ಬ ಅಜ್ಜ, “ಹೋಯ್ತು, ಇದ್ದ ಒಂದು ದಾರೀನೂ ಹೋಯ್ತು” ಎಂದು ನಿಟ್ಟುಸಿರು ಬಿಟ್ಟ. ಅಜ್ಜಿ ಅವನ ತೋಳಿಗೆ ಚಿವುಟಿ, ಆಮೇಲೆ ಗೋಡೆಗೆ ಒರಗಿ ಅತ್ತಳು.

ಸಾಲು ಕರಗಿದ ಮೇಲೆ ನಾನು ಕೇಳಿದೆ, ಇಷ್ಟೆಲ್ಲ ಆಯಿತಲ್ಲ, ಇನ್ನಾದರೂ ಭಯ ಹೋಯಿತಾ ಎಂದು. ವೆಲ್ಡಾ ಮುಂದಿನ ಅರ್ಜಿ ಎತ್ತಿಕೊಂಡು ಕನ್ನಡಕ ಸರಿಮಾಡಿಕೊಂಡರು.

“ಹೋಗಬಾರದು ಕಣಮ್ಮ. ಭಯ ಹೋದ ದಿನ ನಾನು ‘ಸಿಕ್ಕಿಲ್ಲ’ ಅಂತ ಬೇಗ ಬರೆದುಕೊಟ್ಬಿಡ್ತೀನಿ.”